ಉಂಡವಳಿಗೆ ಮತ್ತೆ ಉಣ್ಣಿಸಿದ ದಿನ

ನಮ್ಮ ಮನೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಸಾಗರ ತಾಲ್ಲೂಕು, ಕರೂರು ಸೀಮೆ. ತುಮರಿ ಹತ್ತಿರ ಅಂದರೆ ಕೆಲವರಿಗೆ ಗೊತ್ತಾಗುತ್ತದೆ. ಸಿಗಂದೂರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೂರು ವರ್ಷದಿಂದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಿದ್ದೇವೆ. ಮೂರು ಕೋಣೆ, ಒಂದು ಜಗಲಿ, ಎದುರಿಗೆ ಗದ್ದೆ, ಗದ್ದೆ ದಾಟಿದರೆ ನೀರು. ಅಷ್ಟೇ ನಮ್ಮ ಆಸ್ತಿ.

ಹೋಂಸ್ಟೇ ಮಾಡುವುದು ಹೇಗೆ ಅಂತ ಅನೇಕರು ನನ್ನನ್ನು ಕೇಳುತ್ತಾರೆ. ಕಾಗದಪತ್ರದ ವಿಷಯ ಹೇಳುವುದು ಸುಲಭ. ಅದರಾಚೆ ನಾನು ಮಾಡಿದ ಒಂದು ತಪ್ಪಿದೆ. ಅದನ್ನೂ ಹೇಳದಿದ್ದರೆ ಕಥೆ ಅರ್ಧವೇ ಆಗುತ್ತದೆ.

ಮೊದಲು ಊರಿನ ಬಗ್ಗೆ ಸ್ವಲ್ಪ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಮ್ಮ ಮಾವನಿಗೆ ಆಗ ಹತ್ತು ಹನ್ನೊಂದು ವರ್ಷ. ಅವರ ಅಪ್ಪನ ಮನೆ, ಬಾವಿ, ಎರಡು ಬೆಳೆ ಬರುತ್ತಿದ್ದ ಗದ್ದೆ ಎಲ್ಲ ನೀರಿನ ಅಡಿಗೆ ಹೋಯಿತು. ಮನೆಯ ಕಂಬ, ಜಂತಿ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಗುಡ್ಡ ಹತ್ತಿದರಂತೆ. ಈಗ ನಮ್ಮ ಜಗಲಿಯಲ್ಲಿರುವ ಎರಡು ಕಂಬ ಆ ಮನೆಯವೇ. ನಾಡಿಗೆ ಬೆಳಕು ಕೊಡೋಕೆ ಮುಳುಗಿದ ಊರಿನವರು ನಾವು. ಆದರೂ ನಮ್ಮ ಈ ಕಡೆಗೆ ಕರೆಂಟ್ ಬಂದದ್ದು ಎಷ್ಟೋ ವರ್ಷದ ಮೇಲೆ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ, 1948ರ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ಮಾವ ಮಾತ್ರ ಒಂದು ಸಲವೂ ಹೋಗಲಿಲ್ಲ.

ನೀರು ನಿಂತ ಮೇಲೆ ಸಾಗರಕ್ಕೆ ಹೋಗೋಕೆ ಲಾಂಚ್ ಒಂದೇ ಹತ್ತಿರದ ದಾರಿಯಾಗಿತ್ತು. ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ. ಬಸ್ಸು, ಜೀಪು, ಬೈಕು, ಕುರಿ, ಹಾಲಿನ ಕ್ಯಾನು, ಮದುವೆ ದಿಬ್ಬಣ, ಎಲ್ಲ ಅದರಲ್ಲೇ. ಸಂಜೆ ಕೊನೇ ಲಾಂಚ್ ತಪ್ಪಿದರೆ ಆ ರಾತ್ರಿ ಮುಗಿಯಿತು ಅಂತಲೇ ಲೆಕ್ಕ. ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಕಾದವರು ನಮ್ಮೂರಲ್ಲಿ ಇದ್ದಾರೆ. ಹಾಗಾಗಿ ಈಗ ಬಂದಿರುವ ಸೇತುವೆ ಬೇಡವಿತ್ತು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಲಾಂಚ್ ಚೆನ್ನಾಗಿತ್ತು ಅಂತ ಹೇಳುವವರು ಅದರಲ್ಲಿ ಒಂದು ಸಲ ಬಂದು ಹೋದವರು.

ಹೋಂಸ್ಟೇ ಯೋಚನೆ ಬಂದದ್ದು ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದ ಮೇಲೆ. ನಮ್ಮದು ಸಣ್ಣ ತೋಟ. ಎರಡು ವರ್ಷ ಔಷಧಿ ಹೊಡೆದದ್ದೇ ಬಂತು, ಫಸಲು ಅರ್ಧಕ್ಕಿಂತ ಕಡಿಮೆ ಆಯಿತು. ನಮ್ಮನೆಯವರು ಬೆಂಗಳೂರಿಗೆ ಹೋಗಿ ಕೆಲಸ ನೋಡ್ತೀನಿ ಅಂದರು. ಅತ್ತೆ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಆದರೆ ಅವತ್ತು ಊಟ ಮಾಡಲಿಲ್ಲ. ಸಿಗಂದೂರಿಗೆ ಬರುವ ಜನ ರಾತ್ರಿ ಉಳಿಯೋಕೆ ಜಾಗ ಕೇಳುತ್ತಾ ನಮ್ಮ ಮನೆ ಬಾಗಿಲಿಗೇ ಬರುತ್ತಿದ್ದರು. ಸುಮ್ನೆ ಜಗಲಿಯಲ್ಲಿ ಮಲಗಿಸಿ, ಬೆಳಿಗ್ಗೆ ದೋಸೆ ಕೊಟ್ಟು ಕಳಿಸುತ್ತಿದ್ದೆವು. ಅದನ್ನೇ ಸರಿಯಾಗಿ ಮಾಡೋಣ ಅಂದೆ ನಾನು.

ಕಾಗದದ ಕೆಲಸಕ್ಕೆ ಸುಮಾರು ಎಂಟು ತಿಂಗಳು ಹಿಡಿಯಿತು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ನಾವು ಮಾಡಿಸುವಾಗ ಐದು ಕೋಣೆಗಿಂತ ಹೆಚ್ಚು ಕೊಡುವ ಹಾಗಿರಲಿಲ್ಲ, ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕಿತ್ತು. ಈ ನಿಯಮ ನನಗೆ ತುಂಬಾ ಸರಿ ಅನ್ನಿಸಿತು. ಮನೆಯವರೇ ಇಲ್ಲದಿದ್ದರೆ ಅದು ಲಾಡ್ಜ್. ಗ್ರಾಮ ಪಂಚಾಯಿತಿಯ ಎನ್‌ಒಸಿ, ಪೊಲೀಸ್ ಠಾಣೆಯ ಎನ್‌ಒಸಿ, ಮನೆಯ ದಾಖಲೆ, ಫೋಟೋ. ಬಂದವರ ಗುರುತಿನ ಚೀಟಿಯ ನಕಲು ಇಟ್ಟುಕೊಂಡು ರಿಜಿಸ್ಟರ್ ಬರೆಯಬೇಕು. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಮಳೆಗಾಲದಲ್ಲಿ ಛತ್ರಿ ಹಿಡಿದು ಅಲ್ಲಿ ನಿಂತೇ ಫಾರಂ ತುಂಬಿದ್ದೇನೆ.

ನಿಜವಾದ ಕಷ್ಟ ಇದ್ದದ್ದು ಮನೆಯ ದಾಖಲೆಯಲ್ಲಿ. ಮುಳುಗಡೆಯಾಗಿ ಮೇಲೆ ಬಂದವರಲ್ಲಿ ಎಷ್ಟೋ ಜನರ ಜಾಗಕ್ಕೆ ಇವತ್ತಿಗೂ ಸರಿಯಾದ ಹಕ್ಕುಪತ್ರ ಇಲ್ಲ. ಉಳುವುದು ಅವರೇ, ಹುಟ್ಟಿದ್ದು ಅಲ್ಲೇ, ಕಾಗದದಲ್ಲಿ ಮಾತ್ರ ಕಾಡು. ನಮ್ಮ ಮನೆ ಅಡಿಯ ಜಾಗಕ್ಕೆ ಮಾವ ಹಿಂದೆಯೇ 94ಸಿ ಅರ್ಜಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮಕ್ಕೆ) ಹಾಕಿ, ಓಡಾಡಿ ಹಕ್ಕುಪತ್ರ ಮಾಡಿಸಿದ್ದರು. ಅದರಿಂದ ನಮ್ಮದು ಮುಂದೆ ಹೋಯಿತು. ನಮ್ಮ ಜೊತೆಗೇ ಅರ್ಜಿ ಬರೆದ ಪಕ್ಕದ ಮನೆ ದೊಡ್ಡಪ್ಪನವರದ್ದು ಒಂದು ಕಚೇರಿಯ ಮೇಜಿನ ಮೇಲೆ ನಿಂತುಬಿಟ್ಟಿತು. ಅವರ ಮನೆ ನಮ್ಮದಕ್ಕಿಂತ ಚೆಂದ. ಅವರ ಜಗಲಿಗೆ ಗಾಳಿ ಜಾಸ್ತಿ. ಆದರೆ ಬೋರ್ಡು ಬಿದ್ದದ್ದು ನಮ್ಮ ಮನೆಗೆ. ಆ ದಿನ ದೊಡ್ಡಮ್ಮ ಬೇಲಿ ಹತ್ತಿರ ನಿಂತು ಬೋರ್ಡನ್ನೇ ನೋಡುತ್ತಿದ್ದದ್ದು ನನ್ನ ಕಣ್ಣಿಂದ ಹೋಗಿಲ್ಲ. ಪ್ರವಾಸಿಗರು ಬಂದರೆ ಊರು ಉದ್ಧಾರ ಆಗುತ್ತದೆ ಅನ್ನುತ್ತಾರಲ್ಲ, ಊರಿನ ಯಾರು ಅಂತ ಮೊದಲು ಕೇಳಬೇಕು.

ಮನೆಗೆ ಹೆಚ್ಚು ಬದಲಾವಣೆ ಮಾಡಲಿಲ್ಲ. ಬಚ್ಚಲು ಎರಡು ಹೊಸದಾಗಿ ಕಟ್ಟಿಸಿದೆವು. ಹಂಚು ಹಾಗೇ ಬಿಟ್ಟೆವು. ಸಾಲ ಎರಡು ಲಕ್ಷ ಆಯಿತು. ಜಗಲಿಯ ಗೋಡೆಗೆ ನಾನು ಹಸೆ ಚಿತ್ತಾರ ಬರೆದೆ.

ಚಿತ್ತಾರದ ಬಗ್ಗೆ ಹೇಳದೆ ಮುಂದೆ ಹೋಗೋಕೆ ಆಗುವುದಿಲ್ಲ. ನಾವು ದೀವರ ಸಮುದಾಯದವರು. ನಮ್ಮಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಹೆಣ್ಣುಗಂಡನ್ನು ಅದರ ಮುಂದೆ ಕೂರಿಸುತ್ತಾರೆ. ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಬೇಕು. ನೆನೆಸಿದ ಅಕ್ಕಿ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರ‍್ರಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯ ಬೀಜದಿಂದ ಹಳದಿ. ಬರೆಯುವುದು ಪುಂಡಿ ನಾರಿನಿಂದ. ನಾರಿನ ತುದಿಯನ್ನು ಜಜ್ಜಿ, ಹಲ್ಲಲ್ಲಿ ಕಚ್ಚಿ ಮೆತ್ತಗೆ ಮಾಡಿಕೊಳ್ಳಬೇಕು. ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ನಾನು ಸೊರಬದ ಕಡೆಯವಳು. ಮದುವೆಯಾಗಿ ಬಂದಾಗ ರಂಗೋಲಿ ಹಾಕುತ್ತಿದ್ದೆ, ಚಿತ್ತಾರ ಬರುತ್ತಿರಲಿಲ್ಲ. ಕಲಿಸಿದ್ದು ಅತ್ತೆ. ಮೂರು ವರ್ಷ ಬರೀ ಜೋಗಿಜಡೆ ಅನ್ನುವ ಚಿತ್ತಾರದ ಗೆರೆ ಎಳೆಸಿದರು. ಎರಡು ಗೆರೆಯ ನಡುವಿನ ಜಾಗ ಅಕ್ಕಿಕಾಳಿನಷ್ಟೇ ಇರಬೇಕು. ಜಾಸ್ತಿ ಆದರೆ ಒದ್ದೆ ಬಟ್ಟೆ ತಗೊಂಡು ಒರೆಸುತ್ತಿದ್ದರು. ಬೈಯುತ್ತಿರಲಿಲ್ಲ. "ಮತ್ತೊಂದ್ಸಲ ಎಳಿ ತಂಗೀ" ಅನ್ನುತ್ತಿದ್ದರು.

ಬಂದವರೆಲ್ಲ ಆ ಗೋಡೆಯ ಮುಂದೆ ನಿಲ್ಲುತ್ತಿದ್ದರು. ಕಲಿಸ್ತೀರಾ ಅಂತ ಕೇಳುತ್ತಿದ್ದರು. ಕಲಿಸಲು ಶುರು ಮಾಡಿದೆ. ದಪ್ಪ ಕಾಗದದ ಮೇಲೆ, ಬಟ್ಟೆಯ ಮೇಲೆ. ದೊಡ್ಡಮ್ಮನ ಕೈ ನನಗಿಂತ ಪಳಗಿದ್ದು. ಅವರನ್ನೇ ಕರೆದು ಕೂರಿಸಿದೆ, ಕಲಿಸಿದ ದುಡ್ಡು ಅವರಿಗೆ. ಚಿತ್ತಾರ ಮಾರಬಾರದು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಹೆಂಗಸರ ಕೈಗೆ ಬೆಲೆ ಕಟ್ಟಿದ್ದೇ ಇತ್ತೀಚೆಗೆ. ಕಾಗದದ ಮೇಲೆ ಬರೆದು ಮಾರಿದರೆ ಹಸೆಗೋಡೆಗೆ ಏನೂ ಕಡಿಮೆ ಆಗುವುದಿಲ್ಲ. ನಾನು ಎಡವಿದ್ದು ಗೋಡೆಯಲ್ಲಿ ಅಲ್ಲ, ಬುಟ್ಟಿಯಲ್ಲಿ.

ಸೀಗೆ ಹುಣ್ಣಿಮೆಗೆ ನಮ್ಮಲ್ಲಿ ಭೂಮಿ ಹುಣ್ಣಿಮೆ ಹಬ್ಬ. ಆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ ಅಂತ ನಮ್ಮ ನಂಬಿಕೆ. ಬಸುರಿಗೆ ಬಯಕೆ ಊಟ ಹಾಕುವ ಹಬ್ಬ ಅದು. ವಿಜಯದಶಮಿಯಿಂದಲೇ ಕೆಲಸ ಶುರು. ಭೂಮಣ್ಣಿ ಬುಟ್ಟಿ ಅಂತ ಇರುತ್ತದೆ, ಒಂದು ದೊಡ್ಡದು, ಜೊತೆಗೆ ಬೇಯಿಸಿದ ಸೊಪ್ಪಿನ ಹಚ್ಚಂಬಲಿ ಇಡುವ ಸಣ್ಣದು. ಸಗಣಿ ಮೆತ್ತಿ ಒಣಗಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ. ಭತ್ತದ ಸಸಿ, ಎತ್ತು, ಗಾಡಿ, ಮನೆಯವರು. ಹಬ್ಬದ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆ ಇಲ್ಲ. ಕಾಡಿನಿಂದ, ಹಿತ್ತಲಿನಿಂದ ತಂದ ಸೊಪ್ಪು, ಕುಡಿ ಎಲ್ಲ ಹೆಚ್ಚಿ ಬೇಯಿಸುತ್ತೇವೆ. ನೂರೊಂದು ಕುಡಿ ಅಂತ ಹೇಳುವ ವಾಡಿಕೆ. ಎಣಿಸುವುದಿಲ್ಲ, ಆದರೆ ಸಿಕ್ಕಿದ್ದನ್ನೆಲ್ಲ ಹಾಕುತ್ತೇವೆ. ಕಡುಬು, ಪಾಯಸ, ಅಮಟೆಕಾಯಿ, ಹೀರೆಕಾಯಿ. ಕೋಳಿ ಕೂಗುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಇಳಿಯುತ್ತಾರೆ. ಹಚ್ಚಂಬಲಿಯನ್ನು ಗದ್ದೆ ತುಂಬ ಬೀರುತ್ತಾ ಕೂಗುತ್ತಾರೆ. ಕೂಗು ಮನೆಯಿಂದ ಮನೆಗೆ ಸ್ವಲ್ಪ ಬೇರೆ. ನಮ್ಮ ಮನೆಯದ್ದು ಹಚ್ಚಂಬಲಿ ಅಂತ ಶುರುವಾಗಿ, ಭೂಮ್ತಾಯಿ ಉಂಡು ಹೋಗ್ಲಿ ಅಂತ ಮುಗಿಯುತ್ತದೆ. ಕತ್ತಲಲ್ಲಿ ಸುತ್ತ ನಾಲ್ಕು ಗದ್ದೆಯಿಂದ ಆ ಕೂಗು ಕೇಳುತ್ತದೆ, ನೀರಿನಾಚೆಯಿಂದಲೂ. ಬೆಳಕು ಹರಿದ ಮೇಲೆ ಒಂದು ಬುಡ ಭತ್ತಕ್ಕೆ ಪೂಜೆ. ಮನೆಯ ಹೆಂಗಸಿನ ಕರಿಮಣಿ ಸರ ತೆಗೆದು ಆ ಭತ್ತದ ಬುಡಕ್ಕೆ ಹಾಕುತ್ತಾರೆ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಒಂದು ಕಡುಬನ್ನು ಗದ್ದೆಯ ಮಣ್ಣಲ್ಲಿ ಹೂತಿಡುತ್ತೇವೆ, ಕೊಯ್ಲಿನ ದಿನ ತೆಗೆಯುತ್ತೇವೆ.

2024ರಲ್ಲಿ ಹುಣ್ಣಿಮೆ ವಾರದ ಮಧ್ಯೆ ಬಂತು. ಆ ದಿನ ಅತಿಥಿಗಳು ಯಾರೂ ಇರಲಿಲ್ಲ. ನಾನು ಬುಟ್ಟಿಯ ಎರಡು ಫೋಟೋ ತೆಗೆದು, ನಮ್ಮಲ್ಲಿ ಹಿಂದೆ ಉಳಿದು ಹೋಗಿದ್ದವರಿಗೆ ವಾಟ್ಸಾಪ್ ಮಾಡಿದೆ. ಸಂಜೆಯೇ ಒಬ್ಬರು ಫೋನ್ ಮಾಡಿದರು. "ಅಕ್ಕಾ, ಮುಂದಿನ ವಾರ ಶನಿವಾರ ಹತ್ತು ಜನ ಬರ್ತೀವಿ. ಈ ಹಬ್ಬ ನಮಗೋಸ್ಕರ ಒಂದ್ಸಲ ಮಾಡ್ತೀರಾ? ಎಕ್ಸ್‌ಟ್ರಾ ಕೊಡ್ತೀವಿ." ಐದು ಸಾವಿರ ಅಂದರು. ಸಾಲದ ಕಂತು ಬಾಕಿ ಇತ್ತು. ಆಯ್ತು ಅಂದುಬಿಟ್ಟೆ.

ಅತ್ತೆಗೆ ಹೇಳಿದಾಗ ಅವರು ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ. "ಸೀಮಂತ ಆದ ಹೆಣ್ಣಿಗೆ ಹತ್ತು ದಿನ ಬಿಟ್ಟು ಮತ್ತೆ ಸೀಮಂತ ಮಾಡ್ತಾರನೆ? ಉಂಡೋಳಿಗೆ ಮತ್ತೆ ಎಂತಕೆ ಉಣ್ಸಾದು?" ಅಂದರು. ಸುಮ್ನೆ ತೋರಿಸೋದು ಅಷ್ಟೇ ಅತ್ತೆ ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಮಾತಾಡಲಿಲ್ಲ ಅಂದರೆ ಒಪ್ಪಿದರು ಅಂತ ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಬಂದವರು ಒಳ್ಳೆಯವರು. ಇದನ್ನು ಒತ್ತಿ ಹೇಳಬೇಕು. ಎಲೆಯಲ್ಲಿ ಒಂದಗುಳು ಬಿಡದೆ ಉಂಡರು. ಒಬ್ಬ ಹುಡುಗಿ ಬೇಡ ಬೇಡ ಅಂದರೂ ಪಾತ್ರೆ ತೊಳೆಯಲು ಕೂತಳು. ಕತ್ತಲಲ್ಲಿ ಏಳಲು ಅವರಿಗೆ ಆಗಲಿಲ್ಲ, ಎಂಟು ಗಂಟೆಗೆ ಗದ್ದೆಗೆ ಬಂದರು. ಬಿಸಿಲು ಬಂದಾಗಿತ್ತು. ನಮ್ಮನೆಯವರು ಬುಟ್ಟಿ ಹೊತ್ತು ಬದುವಿನ ಮೇಲೆ ನಡೆದರು. ಡ್ರೋನ್ ಸದ್ದಿಗೆ ಕೂಗು ಕೇಳಿಸಲಿಲ್ಲ ಅಂತ ಇನ್ನೊಂದು ಸಲ ನಡೆಸಿದರು. ಬುಟ್ಟಿಯಲ್ಲಿ ಹಚ್ಚಂಬಲಿ ಖಾಲಿ ಆಗಿತ್ತು. ಮೂರನೇ ಸಲ ಅವರು ಬರೀ ಕೈಯನ್ನೇ ಬೀಸುತ್ತಾ ನಡೆದರು.

ಆಮೇಲೆ ಒಬ್ಬರು ಕರಿಮಣಿ ಹಾಕುವುದನ್ನು ತೋರಿಸಿ ಅಂದರು. ಹಬ್ಬದ ದಿನ ಹಾಕುವುದು ಅತ್ತೆಯ ಸರ. ಅತ್ತೆ ಗದ್ದೆಗೆ ಬಂದಿರಲೇ ಇಲ್ಲ. ನಾನು ನನ್ನದನ್ನೇ ಕತ್ತಿನಿಂದ ತೆಗೆದೆ. ಭತ್ತದ ಬುಡಕ್ಕೆ ಹಾಕಿದೆ. ಇಬ್ಬನಿ ಆರಿದ್ದರಿಂದ ಭತ್ತದ ಗರಿ ಒರಟಾಗಿತ್ತು, ಸರ ಸಿಕ್ಕಿಕೊಂಡಿತು. "ಅಕ್ಕಾ, ನೆರಳು ಬಿತ್ತು, ಇನ್ನೊಂದ್ಸಲ ಹಾಕಿ ಪ್ಲೀಸ್." ಬಿಡಿಸಿಕೊಂಡು ಮತ್ತೆ ಹಾಕಿದೆ. "ಮುಖ ಸ್ವಲ್ಪ ಈ ಕಡೆ." ಮತ್ತೆ ಹಾಕಿದೆ. ಆ ಎಳೆಯುವುದರಲ್ಲಿ ತೆನೆ ಮುರಿದು ನನ್ನ ಕೈಯಲ್ಲಿ ಉಳಿಯಿತು. ಕಾಳು ಇನ್ನೂ ಹಾಲುಗಾಳು. ಉಗುರು ತಾಗಿದ್ದಕ್ಕೆ ಬೆಳ್ಳಗೆ ಹಾಲು ಬಂತು. ಅದನ್ನು ಸೀರೆಗೆ ಒರೆಸಿಕೊಂಡೆ. ಯಾರೂ ನೋಡಲಿಲ್ಲ, ನಾನು ನೋಡಿದೆ.

ಮಧ್ಯಾಹ್ನ ಅವರು ಹೊರಟರು. ಐದು ಸಾವಿರ ಕೊಟ್ಟರು, ಅತ್ತೆಯ ಕಾಲಿಗೂ ಬಿದ್ದರು. ಅತ್ತೆ ಎಲ್ಲರ ತಲೆ ಮುಟ್ಟಿ ಒಳ್ಳೇದಾಗಲಿ ಅಂದರು. ಕೊಟ್ಟಿಗೆಗೆ ಹೋಗಿ ಬುಟ್ಟಿ ತಂದರು. ಹಬ್ಬ ಮುಗಿದ ಮೇಲೆ ಅದನ್ನು ಅಟ್ಟದ ಮೇಲೆ ಇಡುವುದು ವಾಡಿಕೆ, ಚಿತ್ತಾರ ವರ್ಷವಿಡೀ ಹಾಗೇ ಇರುತ್ತದೆ. ಅವತ್ತು ಅತ್ತೆ ಬಚ್ಚಲಿನಲ್ಲಿ ಕೂತು, ನೀರು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ಚಿತ್ತಾರವನ್ನೆಲ್ಲ ತೊಳೆದರು. ಕೆಮ್ಮಣ್ಣಿನ ನೀರು ಬಚ್ಚಲ ಕಿಂಡಿಯಿಂದ ಹರಿದು ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಚಿತ್ತಾರ ನಾನು ದಿನಗಟ್ಟಲೆ ಕೂತು ಬರೆದದ್ದು. ಒಂದು ಮಾತು ಬೈದಿದ್ದರೆ ಆಗ ನನಗೆ ಹಗುರಾಗುತ್ತಿತ್ತು.

ಆ ದುಡ್ಡನ್ನು ಕಂತಿಗೇ ಕಟ್ಟಿದೆ. ವಾಪಸ್ ಕೊಡಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಕೊಡಲಿಲ್ಲ.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಕೇಬಲ್ ಸೇತುವೆ. ಮಾವ ಬೆಳಿಗ್ಗೆಯೇ ಬಿಳಿ ಪಂಚೆ ಉಟ್ಟು ತಯಾರಾಗಿದ್ದರು. ಜನ ಕಡಿಮೆಯಾದ ಮೇಲೆ ಇನ್ನೊಂದು ದಿನ ಅವರನ್ನು ಸೇತುವೆ ಮೇಲೆ ನಡೆಸಿಕೊಂಡು ಹೋದೆವು. ನಡುವೆ ನಿಂತು ನೀರಿನ ಕಡೆ ಕೈ ತೋರಿಸಿ "ಅಲ್ಲಿ ನಮ್ಮ ಬಾವಿ" ಅಂದರು. ಅಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ. ನಾವು ಹೂಂ ಅಂದೆವು.

ಸೇತುವೆ ಆದ ಮೇಲಿನ ಮೊದಲ ತಿಂಗಳು ನಮಗೆ ಉಸಿರಾಡಲು ಬಿಡುವಿರಲಿಲ್ಲ. ಮೊದಲು ಲಾಂಚ್ ದಾಟಿ ಬರುವವರು ಬರಬೇಕು ಅಂತಲೇ ಬರುತ್ತಿದ್ದರು. ಈಗ ದಾರಿ ಇದೆ ಅಂತ ಬರುವವರೂ ಬಂದರು. ದಡದಲ್ಲಿ ಬಾಟಲಿ, ತಟ್ಟೆ. ರಾತ್ರಿ ಹನ್ನೊಂದರ ತನಕ ಕಾರಿನ ಡಿಕ್ಕಿ ತೆಗೆದು ಹಾಡು. ನೀರಿನ ಮೇಲೆ ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಪೇಟೆಯವರಿಗೆ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ಈಜಲು ಇಳಿದು, ಮುಳುಗಿದ ಮರದ ಬೊಡ್ಡೆಗೆ ಕಾಲು ಸಿಕ್ಕಿ ಒದ್ದಾಡಿದ. ದೊಡ್ಡಪ್ಪನ ಮಗ ದೋಣಿಯಲ್ಲಿ ಹೋಗಿ ಎಳೆದು ತಂದ. ಹಿನ್ನೀರು ಕೆರೆಯ ಹಾಗಲ್ಲ. ಅದರ ಅಡಿಯಲ್ಲಿ ಕಾಡಿದೆ, ಊರಿದೆ.

ಆ ಘಟನೆ ಆದ ಮೇಲೆ ಊರವರೆಲ್ಲ ಒಂದು ಸಂಜೆ ಚೌಡಿ ಕಟ್ಟೆ ಹತ್ತಿರ ಕೂತೆವು. ಇಪ್ಪತ್ತೆರಡು ಮನೆ, ಎಲ್ಲರೂ ಬಂದಿದ್ದರು. ಮಾತು ಸಲೀಸಾಗಿ ನಡೆಯಲಿಲ್ಲ. ಹೊರಗಿನವರಿಗೆ ಊರೊಳಗೆ ಬಿಡಲೇಬಾರದು ಅಂದರು ಒಬ್ಬರು ಹಿರಿಯರು. ಸಾಲ ಮಾಡಿ ಜೀಪು ತೆಗೆದುಕೊಂಡಿದ್ದ ಹುಡುಗ ಎದ್ದು ನಿಂತ. "ಹಂಗಾರೆ ಜೀಪಿನ ಕಂತು ಕಟ್ಟಾದು ಯಾರು? ಊರು ಬಿಟ್ಟು ಹೋಗ್ತ್ನಿ, ಹಬ್ಬ ನೀವೇ ಮಾಡ್ಕಳಿ" ಅಂದ. ಅವನ ಮಾತಲ್ಲಿ ಸತ್ಯ ಇತ್ತು. ಬುಟ್ಟಿ ಹೊರಲು ಊರಲ್ಲಿ ಹುಡುಗರು ಇರಬೇಕಲ್ಲ. ದೊಡ್ಡಮ್ಮ ಯಾವತ್ತೂ ಸಭೆಯಲ್ಲಿ ಮಾತಾಡಿದವರಲ್ಲ. ಅವತ್ತು ಮಾತಾಡಿದರು. ಬೋರ್ಡು ಒಂದೇ ಮನೆಗೆ, ಗಲಾಟೆ ಎಲ್ಲರ ಮನೆಗೆ, ಇದು ಯಾವ ಸೀಮೆಯ ನ್ಯಾಯ ಅಂದರು. ನಾನು ತಲೆ ತಗ್ಗಿಸಿದೆ. ಆಮೇಲೆ ಎದ್ದು, ಹಿಂದಿನ ವರ್ಷ ಗದ್ದೆಯಲ್ಲಿ ನಾನು ಮಾಡಿದ್ದನ್ನು ಎಲ್ಲರ ಮುಂದೆ ಹೇಳಿದೆ. ಅರ್ಧ ಊರಿಗೆ ಅದು ಗೊತ್ತೇ ಇತ್ತು. ಡ್ರೋನ್ ಎಲ್ಲರ ತಲೆ ಮೇಲೂ ಹಾರಿತ್ತಲ್ಲ.

ಕೊನೆಗೆ ಕೆಲವು ಮಾತಿಗೆ ಒಪ್ಪಿದೆವು. ರಾತ್ರಿ ಒಂಬತ್ತಾದ ಮೇಲೆ ಹಾಡು ಇಲ್ಲ. ನೀರಿಗೆ ಯಾರೂ ಇಳಿಯುವ ಹಾಗಿಲ್ಲ, ದಡಕ್ಕೆ ಹೋಗುವುದಿದ್ದರೆ ಊರಿನ ಒಬ್ಬರು ಜೊತೆಗೆ. ನಮ್ಮ ಮನೆಗೆ ಬಂದವರ ಒಂದು ಹೊತ್ತಿನ ಊಟ ಸರದಿಯಂತೆ ಬೇರೆ ಮನೆಯಲ್ಲಿ, ಅದರ ದುಡ್ಡು ಆ ಮನೆಗೆ. ಚಿತ್ತಾರ ಕಲಿಸುವುದು ದೊಡ್ಡಮ್ಮನ ಜಗಲಿಯಲ್ಲೇ. ಹಬ್ಬದ ವಿಷಯಕ್ಕೆ ಬಂದಾಗ ಅತ್ತೆ ಮೊದಲ ಸಲ ಬಾಯಿ ತೆರೆದರು. "ಬರೋರು ಬರ್ಲಿ. ಹುಣ್ಣಿಮೆ ದಿನನೇ ಬರ್ಲಿ. ರಾತ್ರಿ ಸೊಪ್ಪು ಹೆಚ್ಲಿ, ಬೆಳಿಗ್ಗೆ ಗದ್ದೆಗೆ ಬರ್ಲಿ. ಮೊಬೈಲು ಮನೇಲಿರ್ಲಿ." ಅಷ್ಟೇ ಹೇಳಿದ್ದು. ಯಾರೂ ಎದುರು ಮಾತಾಡಲಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮದುವೆ ಫೋಟೋಶೂಟ್‌ಗೆ ಗದ್ದೆ ಕೇಳಿಕೊಂಡು ಬರುವವರ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಇಬ್ಬರು ಕೊಡುತ್ತಾರೆ, ಉಳಿದವರು ಮುನಿಸಿಕೊಂಡಿದ್ದಾರೆ. ಒಂಬತ್ತು ಗಂಟೆಯ ಮಾತು ಕೇಳಿ ಬುಕಿಂಗ್ ಬಿಟ್ಟವರೂ ಇದ್ದಾರೆ. ದೊಡ್ಡಪ್ಪನ ಅರ್ಜಿ ಅದೇ ಮೇಜಿನ ಮೇಲಿದೆ.

ವಿಜಯದಶಮಿ ಬಂತು. ಅತ್ತೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಲು ಇಟ್ಟಿದ್ದರು. ಈ ಸಲ ನನ್ನನ್ನು ಬರೆಯಲು ಕರೆಯುತ್ತಾರೋ ಇಲ್ಲವೋ ಅಂತ ನಾನು ಅಡುಗೆಮನೆಯಲ್ಲೇ ಸುತ್ತಾಡುತ್ತಿದ್ದೆ. ಕರೆದರು. ಹೊಸ ಪುಂಡಿ ನಾರನ್ನು ತಾವೇ ಕಚ್ಚಿ ಮೆತ್ತಗೆ ಮಾಡಿ ಕೈಗೆ ಕೊಟ್ಟರು. ಮೊದಲ ಗೆರೆ ಸೊಟ್ಟಗಾಯಿತು. "ಮತ್ತೊಂದ್ಸಲ ಎಳಿ ತಂಗೀ" ಅಂದರು.

ಆ ವರ್ಷವೂ ಹುಣ್ಣಿಮೆ ಶನಿವಾರ ಭಾನುವಾರ ಕಳೆದ ಮೇಲೆಯೇ ಬಂತು. ವಾರದ ಕೊನೆಗೆ ಬಂದಿದ್ದ ಆರು ಜನರಿಗೆ ವಿಷಯ ಹೇಳಿದೆವು. ನಾಲ್ವರಿಗೆ ಆಫೀಸು, ಹೊರಟರು. ವೀಡಿಯೋ ಕಳಿಸಿ ಅಂದರು. ವೀಡಿಯೋ ಇಲ್ಲ ಅಂದೆ. ದಾವಣಗೆರೆಯ ಒಬ್ಬರು ಟೀಚರ್ ಮತ್ತು ಅವರ ಮಗಳು ಉಳಿದುಕೊಂಡರು. ರಜೆ ಇತ್ತು ಅವರಿಗೆ. ರಾತ್ರಿ ಎರಡು ಗಂಟೆಯ ತನಕ ನಮ್ಮ ಜೊತೆ ಕೂತು ಸೊಪ್ಪು ಹೆಚ್ಚಿದರು. ಮಗಳು ಎಂಟನೇ ಕ್ಲಾಸಿನ ಹುಡುಗಿ, ಬೆರಳು ಕೊಯ್ದುಕೊಂಡಳು. ಅತ್ತೆ ಅರಿಶಿನ ಹಚ್ಚಿ, ಹಳೇ ಸೀರೆಯ ಅಂಚು ಹರಿದು ಕಟ್ಟಿದರು. ಆಮೇಲೂ ಅವಳು ಏಳಲಿಲ್ಲ. ಯಾವ ಸೊಪ್ಪು ಯಾವುದು ಅಂತ ಹೆಸರು ಕೇಳುತ್ತಾ ಕೂತಳು. ಅತ್ತೆಗೆ ಗೊತ್ತಿದ್ದ ಎಷ್ಟೋ ಹೆಸರು ನಾನೂ ಅವತ್ತೇ ಮೊದಲ ಸಲ ಕೇಳಿದ್ದು. ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಕತ್ತಲಿರುವಾಗಲೇ ಗದ್ದೆಗೆ ಇಳಿದೆವು. ಹುಡುಗಿ ಬ್ಯಾಟರಿ ಹಿಡಿದು ಮುಂದೆ ನಡೆದಳು. ನಮ್ಮನೆಯವರು ಕೂಗಿದರು. ಆ ಕಡೆಯಿಂದ ದೊಡ್ಡಪ್ಪನ ಮಗನ ಕೂಗು ಬಂತು, ಅದರ ಹಿಂದೆ ಜೀಪಿನ ಹುಡುಗನದ್ದು. ಟೀಚರ್ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಕೈ ತಣ್ಣಗಿತ್ತು.

ಬೆಳಕಾಯಿತು. ಪೂಜೆಯ ಹೊತ್ತಿಗೆ ನಾನು ಅತ್ತೆಯ ಹಿಂದೆ ನಿಂತಿದ್ದೆ. ಅತ್ತೆ ತಮ್ಮ ಸರಕ್ಕೆ ಕೈ ಹಾಕಿದರು, ಆಮೇಲೆ ಬಿಟ್ಟರು. ನನ್ನ ಕಡೆ ತಿರುಗಿ "ನಿಂದು ತೆಗಿ" ಅಂದರು. ನನಗೆ ಗಂಟಲು ಕಟ್ಟಿತು. ತೆಗೆದು ಅವರ ಕೈಗೆ ಕೊಟ್ಟೆ. ಇಬ್ಬನಿ ಇತ್ತು. ಒದ್ದೆ ಗರಿಯ ಮೇಲೆ ಸರ ಸರ‍್ರನೆ ಜಾರಿ ಬುಡಕ್ಕೆ ಕೂತಿತು. ಒಂದು ತೆನೆಯೂ ಅಲುಗಲಿಲ್ಲ.

ಕಡುಬು ಹೂಳುವಾಗ ಹುಡುಗಿ, ಇದನ್ನ ಯಾವಾಗ ತೆಗೀತೀರಿ ಅಂತ ಕೇಳಿದಳು. ಕೊಯ್ಲಿಗೆ ಅಂದರು ಮಾವ. ಕೊಯ್ಲು ಯಾವಾಗ ಅಂದಳು. ಭತ್ತ ಹೇಳ್ತದೆ ಅಂದರು.

ಕೊಯ್ಲು ಮುಗಿದ ವಾರ ಟೀಚರ್ ಫೋನ್ ಮಾಡಿದ್ದರು. ನಾನು ದಿಬ್ಬದ ಮೇಲೆ ನಿಂತಿದ್ದೆ, ಕೆಳಗೆ ಅತ್ತೆ ಹುಲ್ಲು ಒಟ್ಟುತ್ತಿದ್ದರು. ಮುಂದಿನ ವರ್ಷವೂ ಬರ್ತೀವಿ, ಮಗಳ ಪರೀಕ್ಷೆ ನೋಡಿಕೊಂಡು ರಜೆ ಹಾಕಬೇಕು, ಹುಣ್ಣಿಮೆ ಯಾವ ದಿನ ಬರುತ್ತೆ ಅಂತ ಕೇಳಿದರು. ಹೊಸ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ನೋಡಿ ಹೇಳ್ತೀನಿ ಅಂದೆ.